ಅಂತರರಾಷ್ಟ್ರೀಯ ಸಂಬಂಧಗಳ ಜೊತೆಗೆ ಸ್ಪ್ಯಾನಿಷ್

ಮುಂಗಾರು ಕೈಕೊಡುವ ಸೂಚನೆ ಕಂಡ ವರ್ಷಗಳಲ್ಲೆಲ್ಲ ಪತ್ರಿಕೆಗಳಲ್ಲಿ ತಪ್ಪದೆ ಕಾಣಿಸಿಕೊಳ್ಳುವ ಮಾತೊಂದಿದೆ: 'ಎಲ್ ನಿನೊ'. ರೇಡಿಯೊ ಕೇಳುವ ರೈತನಿಗೂ ಈಗ ಅದರ ಪರಿಚಯವಿದೆ. ಸರಿಯಾದ ಉಚ್ಚಾರ 'ಎಲ್ ನಿನ್ಯೊ'. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆಂದರೆ ಗಂಡುಮಗು. ಇದು ಪೆರು ದೇಶದ ಕರಾವಳಿಯ ಬೆಸ್ತರು ಇಟ್ಟ ಹೆಸರು. ಅಲ್ಲಿನ ಕಡಲು ಸಾಮಾನ್ಯವಾಗಿ ತಣ್ಣಗಿರುತ್ತದೆ. ಆಳದಿಂದ ಮೇಲೇಳುವ ತಣ್ಣೀರು ಪೋಷಕಾಂಶಗಳನ್ನು ಹೊತ್ತು ತರುವುದರಿಂದ ಮೀನು ಹೇರಳ. ಕೆಲವು ವರ್ಷ ಡಿಸೆಂಬರಿನ ಹೊತ್ತಿಗೆ ನೀರು ಬೆಚ್ಚಗಾಗುತ್ತದೆ, ಬಲೆ ಬರಿದಾಗುತ್ತದೆ. ಕ್ರಿಸ್‌ಮಸ್ ವೇಳೆಗೆ ಬರುವ ಅತಿಥಿಯೆಂದು ಬೆಸ್ತರು ಅದಕ್ಕೆ ಬಾಲಯೇಸುವಿನ ಹೆಸರಿಟ್ಟರು. (ಎಲ್ ನಿನ್ಯೊ ಬಂದ ವರ್ಷವೆಲ್ಲ ನಮಗೆ ಬರವೆಂದು ತಿಳಿಯಬೇಕಾಗಿಲ್ಲ. 1997ರಲ್ಲಿ ಅದು ಬಹಳ ಜೋರಾಗಿತ್ತು, ಆದರೂ ಭಾರತದ ಮುಂಗಾರು ವಾಡಿಕೆಯಷ್ಟು ಸುರಿಯಿತು.)

ಅದೇ ತಣ್ಣನೆಯ ಕಡಲಿಗೆ ಇನ್ನೊಂದು ಕಥೆಯೂ ಇದೆ. ತಮ್ಮ ದಡದಿಂದ 200 ನಾಟಿಕಲ್ ಮೈಲಿಯವರೆಗಿನ ಸಮುದ್ರ ತಮ್ಮದೆಂದು 1947ರಲ್ಲಿ ಚಿಲಿ ಸಾರಿತು. ಹಿಂದೆಯೇ ಪೆರು ಸಾರಿತು. 1952ರಲ್ಲಿ ಎಕ್ವಡಾರನ್ನೂ ಸೇರಿಸಿಕೊಂಡು ಮೂರು ದೇಶಗಳು ಸ್ಯಾಂಟಿಯಾಗೊ ನಗರದಲ್ಲಿ ಒಂದು ಘೋಷಣೆಗೆ ಸಹಿ ಹಾಕಿದವು. ಮೂರೇ ಮೈಲಿಯ ಲೆಕ್ಕಕ್ಕೆ ಅಂಟಿಕೊಂಡಿದ್ದ ಅಮೆರಿಕ ಒಪ್ಪಲಿಲ್ಲ. ಅದರ ಟ್ಯೂನಾ ದೋಣಿಗಳನ್ನು ಪೆರು, ಎಕ್ವಡಾರ್ ಹಿಡಿದು ದಂಡ ಹಾಕಿದವು. ಜಗಳ ವರ್ಷಗಟ್ಟಲೆ ನಡೆಯಿತು. ಕೊನೆಗೆ 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದಲ್ಲಿ ಆ 200 ಮೈಲಿಗಳು ಪ್ರತಿ ಕರಾವಳಿ ದೇಶದ 'ವಿಶೇಷ ಆರ್ಥಿಕ ವಲಯ'ವಾಗಿ ಸ್ಥಾನ ಪಡೆದವು. ಭಾರತ ಅದಕ್ಕೂ ಮೊದಲೇ, 1976ರಲ್ಲಿ, ಇಂಥದೊಂದು ಕಾಯಿದೆ ಮಾಡಿತ್ತು. ಇವತ್ತು ಮಲ್ಪೆ, ಕಾರವಾರದ ದೋಣಿಗಳ ಮುಂದೆ ಸುಮಾರು 370 ಕಿಲೋಮೀಟರು ಅಗಲದ ಹಕ್ಕಿನ ಕಡಲು ಹರಡಿದೆ. ಅದರ ಮೊದಲ ಕರಡುಗಳನ್ನು ಸ್ಪ್ಯಾನಿಷ್ ಭಾಷೆಯಲ್ಲಿ ಬರೆದರೆಂಬುದು ನಮ್ಮ ಪಠ್ಯಪುಸ್ತಕಗಳಲ್ಲಿ ಸಿಗುವುದಿಲ್ಲ.

ಮೀನು, ಸಮುದ್ರಪ್ರವಾಹ, ಕಾನೂನು, ದೊಡ್ಡ ದೇಶ–ಚಿಕ್ಕ ದೇಶಗಳ ಹಗ್ಗಜಗ್ಗಾಟ, ಇವನ್ನೆಲ್ಲ ಒಟ್ಟಿಗೆ ಓದಿಸುವ ಪದವಿ ಇದೆಯೇ? ಇದೆ. ಬ್ರಿಟನ್ನಿನ ಹಲವು ವಿಶ್ವವಿದ್ಯಾಲಯಗಳಲ್ಲಿ 'ಇಂಟರ್‌ನ್ಯಾಷನಲ್ ರಿಲೇಷನ್ಸ್ ಮತ್ತು ಸ್ಪ್ಯಾನಿಷ್' ಎಂಬ ಜೋಡಿ ಆನರ್ಸ್ ಪದವಿಯನ್ನು ಕೊಡುತ್ತಾರೆ. ಪಿ.ಯು.ಸಿ. ಮುಗಿಸಿದ ಮಗಳೊ ಮಗನೊ ಇಂಥ ಹೆಸರು ಹೇಳಿದರೆ ಮನೆಯಲ್ಲಿ ಸಾಮಾನ್ಯವಾಗಿ ಎರಡು ಪ್ರಶ್ನೆ ಹುಟ್ಟುತ್ತವೆ. ಇದನ್ನು ಓದಿ ಏನಾಗುತ್ತಾರೆ? ಭಾಷೆ ಬೇಕಾದರೆ ಸಂಜೆ ಕ್ಲಾಸಿಗೆ ಹೋಗಿ ಕಲಿತರಾಗದೆ, ಅದಕ್ಕೆ ಪದವಿಯ ಅರ್ಧ ಭಾಗ ಬೇಕೆ? ಎರಡೂ ನ್ಯಾಯವಾದ ಪ್ರಶ್ನೆಗಳು. ಎರಡನೆಯದಕ್ಕೆ ಉತ್ತರ ಸಿಕ್ಕದೆ ಮೊದಲನೆಯದಕ್ಕೆ ಸಿಗಲಾರದು.

ಮೊದಲು ವಿಷಯವನ್ನೇ ನೋಡೋಣ. ಅಂತರರಾಷ್ಟ್ರೀಯ ಸಂಬಂಧಗಳೆಂದರೆ ರಾಜಧಾನಿಗಳ ಹೆಸರು, ಧ್ವಜಗಳ ಬಣ್ಣ ಉರುಹೊಡೆಯುವ ಸಾಮಾನ್ಯ ಜ್ಞಾನವಲ್ಲ. ವೇಲ್ಸ್‌ನ ಕಡಲ ದಂಡೆಯ ಅಬರಿಸ್ಟ್‌ವಿತ್ ಎಂಬ ಪುಟ್ಟ ಊರಿನ ಕಾಲೇಜಿನಲ್ಲಿ 1919ರಲ್ಲಿ ಈ ವಿಷಯಕ್ಕೆ ಜಗತ್ತಿನಲ್ಲೇ ಮೊದಲ ಪ್ರಾಧ್ಯಾಪಕ ಪೀಠ ಸ್ಥಾಪನೆಯಾಯಿತು. ಡೇವಿಡ್ ಡೇವಿಸ್ ಎಂಬ ಶ್ರೀಮಂತರೂ ಅವರ ಇಬ್ಬರು ಸೋದರಿಯರೂ ಮೊದಲ ಮಹಾಯುದ್ಧದಲ್ಲಿ ಮಡಿದ ಆ ಕಾಲೇಜಿನ ವಿದ್ಯಾರ್ಥಿಗಳ ನೆನಪಿಗೆ ಹಣ ಕೊಟ್ಟರು. ಹುಡುಗರು ಯಾಕೆ ಸತ್ತರೆಂದು ಕೇಳುವುದಕ್ಕೆ ಒಂದು ಶಾಸ್ತ್ರ ಬೇಕೆನಿಸಿತು ಎನ್ನಬಹುದು. ಯುದ್ಧ ಏಕೆ ಆಗುತ್ತದೆ, ಒಪ್ಪಂದ ಏಕೆ ಉಳಿಯುತ್ತದೆ ಅಥವಾ ಮುರಿಯುತ್ತದೆ, ಸಾಲ ಕೊಟ್ಟ ದೇಶಕ್ಕೆ ಸಾಲ ಪಡೆದ ದೇಶದ ಮೇಲೆ ಎಷ್ಟು ಅಧಿಕಾರ, ಇವು ಇಂದಿಗೂ ಆ ಶಾಸ್ತ್ರದ ಮೂಲ ಪ್ರಶ್ನೆಗಳು. ಇತಿಹಾಸ, ಕಾನೂನು, ಅರ್ಥಶಾಸ್ತ್ರ ಮೂರೂ ಅದರೊಳಗೆ ಬರುತ್ತವೆ.

ತೊಂದರೆಯೆಂದರೆ ಈ ಶಾಸ್ತ್ರ ಬೆಳೆದದ್ದು ಬಹುಪಾಲು ಇಂಗ್ಲಿಷಿನಲ್ಲಿ. ಬಲಶಾಲಿ ದೇಶಗಳ ಭಾಷೆಯಲ್ಲೇ ಪುಸ್ತಕಗಳಿರುವಾಗ ಪ್ರಶ್ನೆಗಳೂ ಅವರವೇ ಆಗುವುದು ಸಹಜ. ಇನ್ನೊಂದು ಭಾಷೆ ಬೇಕಾಗುವುದು ಇಲ್ಲಿ. ರೌಲ್ ಪ್ರೆಬಿಷ್ ಎಂಬ ಅರ್ಜೆಂಟೀನಾದ ಅರ್ಥಶಾಸ್ತ್ರಜ್ಞರು 1949ರಲ್ಲಿ ಸ್ಪ್ಯಾನಿಷಿನಲ್ಲಿ ಒಂದು ವರದಿ ಬರೆದರು. ಕಚ್ಚಾ ಸರಕು ಮಾರುವ ದೇಶಗಳು ಯಂತ್ರ ಮಾರುವ ದೇಶಗಳೆದುರು ಕಾಲ ಕಳೆದಂತೆ ಸೋಲುತ್ತಲೇ ಹೋಗುತ್ತವೆ ಎಂಬುದು ಅವರ ವಾದ. ಒಂದು ಟ್ರ್ಯಾಕ್ಟರಿಗೆ ಇಷ್ಟು ಮೂಟೆ ಕಾಫಿ ಎಂದಿದ್ದದ್ದು ವರ್ಷ ಕಳೆದಂತೆ ಹೆಚ್ಚು ಮೂಟೆಯಾಗುತ್ತದೆ. ಕೊಡಗು, ಚಿಕ್ಕಮಗಳೂರಿನ ಬೆಳೆಗಾರರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಪ್ರೆಬಿಷ್ ಮುಂದೆ ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಮ್ಮೇಳನದ ಮೊದಲ ಮಹಾಕಾರ್ಯದರ್ಶಿಯಾದರು. ಅದರ ಎರಡನೆಯ ಸಮ್ಮೇಳನ 1968ರಲ್ಲಿ ದೆಹಲಿಯಲ್ಲೇ ನಡೆಯಿತು.

ಇಂಗ್ಲಿಷ್ ಅನುವಾದ ಓದಿದರಾಗದೆ? ಕೆಲವಕ್ಕೆ ಆಗುತ್ತದೆ, ಕೆಲವಕ್ಕೆ ಆಗದು. ಆಗದಿರುವುದಕ್ಕೊಂದು ಉದಾಹರಣೆ. 2007ರ ನವೆಂಬರಿನಲ್ಲಿ ಸ್ಪ್ಯಾನಿಷ್, ಪೋರ್ಚುಗೀಸ್ ಮಾತನಾಡುವ ದೇಶಗಳ ನಾಯಕರು ಸ್ಯಾಂಟಿಯಾಗೊದಲ್ಲಿ ಸೇರಿದ್ದರು. ವೆನೆಜುವೆಲಾದ ಅಧ್ಯಕ್ಷ ಚಾವೆಸ್ ಅವರು ಸ್ಪೇನಿನ ಮಾಜಿ ಪ್ರಧಾನಿಯನ್ನು ಫ್ಯಾಸಿಸ್ಟ್ ಎಂದು ಕರೆದರು. ಆಗಿನ ಪ್ರಧಾನಿ ಉತ್ತರ ಹೇಳಲು ಹೊರಟರೆ ನಡುವೆ ಬಾಯಿ ಹಾಕುತ್ತಲೇ ಇದ್ದರು. ಪಕ್ಕದಲ್ಲಿ ಕುಳಿತಿದ್ದ ಸ್ಪೇನಿನ ದೊರೆ ಹುವಾನ್ ಕಾರ್ಲೋಸ್ ತಾಳ್ಮೆಗೆಟ್ಟು 'ಪೊರ್ ಕೆ ನೊ ತೆ ಕಾಯಾಸ್?' ಎಂದು ಸಿಡುಕಿದರು. ಇಂಗ್ಲಿಷ್ ಪತ್ರಿಕೆಗಳು ಸುಮ್ಮನಿರಬಾರದೇಕೆ ಎಂಬರ್ಥದಲ್ಲಿ ಅನುವಾದಿಸಿ ಮುಗಿಸಿದವು. ಆ ವಾಕ್ಯದಲ್ಲಿರುವ 'ತೆ' ಇಂಗ್ಲಿಷಿನ ಬಲೆಗೆ ಬೀಳುವುದಿಲ್ಲ. ಕನ್ನಡಕ್ಕೆ ಥಟ್ಟನೆ ಬೀಳುತ್ತದೆ, ಏಕೆಂದರೆ ಅದು ಏಕವಚನ: 'ನೀನ್ಯಾಕೆ ಬಾಯಿ ಮುಚ್ಚಬಾರದು?'

ಸ್ಪ್ಯಾನಿಷಿನಲ್ಲಿ 'ತು' ಎಂದರೆ ನೀನು. ಗೌರವಕ್ಕೆ 'ಉಸ್ತೆದ್'. ಹಿಂದೆ 'ತಮ್ಮ ಕೃಪೆ' ಎಂಬರ್ಥದ ಎರಡು ಪದಗಳು ಸವೆದು ಈ ಒಂದು ಪದವಾಗಿವೆ. ಎದುರಿಗಿರುವವರನ್ನೇ ಕುರಿತು ಮಾತನಾಡಿದರೂ ಇದರ ಜೊತೆ ಬರುವ ಕ್ರಿಯಾಪದ ಪ್ರಥಮ ಪುರುಷದ್ದು, ಮಠದಲ್ಲಿ ಸ್ವಾಮಿಗಳ ಮುಂದೆ ನಿಂತು 'ಬುದ್ಧಿಯವರು ಯಾವಾಗ ದಯಮಾಡಿಸುತ್ತಾರೆ?' ಎಂದು ಕೇಳುವ ಹಾಗೆ. ಇನ್ನು ಈ 'ತು'ವಿನ ತೂಕ ಎಲ್ಲ ಕಡೆ ಒಂದೇ ಅಲ್ಲ. ಸ್ಪೇನಿನಲ್ಲಿ ಅಪರಿಚಿತರೊಡನೆಯೂ ಅದು ಸಲೀಸು. ಕೊಲಂಬಿಯದ ಬೆಟ್ಟದ ಸೀಮೆಯಲ್ಲಿ ತಾಯಿ ಮಕ್ಕಳನ್ನೇ 'ಉಸ್ತೆದ್' ಎನ್ನುವುದುಂಟು. ಹಾಗಾದರೆ ದೊರೆಯ ಏಕವಚನ ಸಲುಗೆಯೋ, ಹಳೆಯ ವಸಾಹತಿನ ಒಡೆಯನ ದರ್ಪವೋ? ಸ್ಪೇನಿನಲ್ಲಿ ಬಹಳ ಜನ ಚಪ್ಪಾಳೆ ತಟ್ಟಿದರು, ಸಮುದ್ರದಾಚೆ ಹಲವರಿಗೆ ಉರಿಯಿತು. ಭಾಷೆ ಮಾತ್ರ ಬಲ್ಲವನಿಗೆ ವ್ಯಾಕರಣ ಗೊತ್ತು, ಮುನ್ನೂರು ವರ್ಷದ ವಸಾಹತು ಆಡಳಿತ ಗೊತ್ತಿಲ್ಲ. ರಾಜಕೀಯ ಮಾತ್ರ ಓದಿದವನಿಗೆ ಆಡಳಿತ ಗೊತ್ತು, 'ತೆ' ಕಿವಿಗೆ ಬೀಳುವುದಿಲ್ಲ.

ಹೆಸರುಗಳಲ್ಲೂ ಇದೇ ಪಾಡು. ದಕ್ಷಿಣ ಅಟ್ಲಾಂಟಿಕಿನ ದ್ವೀಪಗಳಿಗೆ ಬ್ರಿಟನ್ ಫಾಕ್‌ಲ್ಯಾಂಡ್ಸ್ ಎನ್ನುತ್ತದೆ, ಅರ್ಜೆಂಟೀನಾ ಮಾಲ್ವಿನಾಸ್ ಎನ್ನುತ್ತದೆ. 1982ರ ಯುದ್ಧ ಮುಗಿದು ದಶಕಗಳಾದರೂ ವಿಶ್ವಸಂಸ್ಥೆಯ ಕಾಗದಗಳಲ್ಲಿ ಎರಡೂ ಹೆಸರು ಜೊತೆಜೊತೆಗೆ ಅಚ್ಚಾಗುತ್ತವೆ.

ಇವೆರಡಕ್ಕಿಂತ ಗಂಭೀರವಾದದ್ದು ತ್ಲಾತೆಲೋಲ್ಕೊ. ನಾಲಿಗೆ ತಿರುಚುವ ಈ ಹೆಸರು ಮೆಕ್ಸಿಕೊ ನಗರದ ಒಂದು ಬಡಾವಣೆಯದು. ಆ ದೇಶದ ವಿದೇಶಾಂಗ ಸಚಿವಾಲಯದ ಕಟ್ಟಡ ಆಗ ಅಲ್ಲಿತ್ತು. 1967ರ ಫೆಬ್ರುವರಿಯಲ್ಲಿ ಅಲ್ಲಿ ಒಂದು ಒಪ್ಪಂದ ಸಹಿಗೆ ಸಿದ್ಧವಾಯಿತು. ಲ್ಯಾಟಿನ್ ಅಮೆರಿಕದಲ್ಲಿ ಯಾವ ದೇಶವೂ ಅಣುಬಾಂಬು ತಯಾರಿಸಬಾರದು, ಇಟ್ಟುಕೊಳ್ಳಬಾರದು, ಇತರರು ತಂದಿಡಲೂ ಬಿಡಬಾರದು. ಜನವಸತಿಯಿರುವ ಇಷ್ಟು ದೊಡ್ಡ ಪ್ರದೇಶವೊಂದು ಹೀಗೆ ತನ್ನನ್ನು ತಾನೇ ಕಟ್ಟಿಹಾಕಿಕೊಂಡದ್ದು ಅದೇ ಮೊದಲು. ಅದರ ಹಿಂದೆ ದುಡಿದ ಮೆಕ್ಸಿಕೊದ ರಾಜತಂತ್ರಜ್ಞ ಅಲ್ಫಾನ್ಸೊ ಗಾರ್ಸಿಯ ರೊಬ್ಲೆಸ್ ಅವರಿಗೆ 1982ರಲ್ಲಿ ಸ್ವೀಡನ್ನಿನ ಆಲ್ವ ಮಿರ್ಡಾಲ್ ಅವರೊಡನೆ ಶಾಂತಿ ನೊಬೆಲ್ ಬಂತು. 2002ರಲ್ಲಿ ಕ್ಯೂಬಾ ಅನುಮೋದಿಸಿದ ಮೇಲೆ ಆ ಭಾಗದ 33 ದೇಶಗಳೂ ಅದರೊಳಗೆ ಬಂದಂತಾಯಿತು. ಅಂತರರಾಷ್ಟ್ರೀಯ ಸಂಬಂಧಗಳ ತರಗತಿಯಲ್ಲಿ ತ್ಲಾತೆಲೋಲ್ಕೊ ಎಂದರೆ ಇದು.

ಸ್ಪ್ಯಾನಿಷ್ ವಿಭಾಗದ ತರಗತಿಯಲ್ಲಿ ಅದೇ ಹೆಸರಿಗೆ ಬೇರೆ ಅರ್ಥ. ಒಪ್ಪಂದವಾದ ಮರುವರ್ಷ, 1968ರ ಅಕ್ಟೋಬರ್ 2ರ ಸಂಜೆ, ಅದೇ ಬಡಾವಣೆಯ ಚೌಕದಲ್ಲಿ ಸೇರಿದ್ದ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿತು. ಒಲಿಂಪಿಕ್ಸ್ ಆರಂಭಕ್ಕೆ ಇನ್ನು ಹತ್ತೇ ದಿನ. ಸತ್ತವರೆಷ್ಟು ಎಂಬುದು ಇಂದಿಗೂ ವಿವಾದ. ಎಲೆನಾ ಪೊನಿಯಾತೊವ್‌ಸ್ಕಾ ಎಂಬ ಲೇಖಕಿ ಬದುಕುಳಿದವರ, ತಾಯಂದಿರ, ಜೈಲಿನಲ್ಲಿದ್ದವರ ಮಾತುಗಳನ್ನು ಕೂಡಿಸಿ 1971ರಲ್ಲಿ ಪ್ರಕಟಿಸಿದ ಪುಸ್ತಕವನ್ನು ಸಾಹಿತ್ಯದ ವಿದ್ಯಾರ್ಥಿಗಳು ಓದುತ್ತಾರೆ. ಆಗ ದೆಹಲಿಯಲ್ಲಿ ಮೆಕ್ಸಿಕೊದ ರಾಯಭಾರಿಯಾಗಿದ್ದವರು ಕವಿ ಆಕ್ಟೇವಿಯೊ ಪಾಸ್. 1962ರಿಂದ ಇಲ್ಲಿದ್ದ ಅವರು ಗುಂಡಿನ ಸುದ್ದಿ ಕೇಳಿ, ಇಂಥ ಸರ್ಕಾರದ ಪರವಾಗಿ ಮಾತನಾಡಲಾರೆನೆಂದು ರಾಯಭಾರ ಬಿಟ್ಟರು. ಅವರಿಗೆ 1990ರಲ್ಲಿ ಸಾಹಿತ್ಯದ ನೊಬೆಲ್ ಬಂತು. ಭಾರತದ ಬಗ್ಗೆ ಅವರು ಬರೆದ ಪುಸ್ತಕ 1995ರದು.

ಹೊರಗೆ ಶಾಂತಿಯ ಒಪ್ಪಂದ ಬರೆಯುವ ಸರ್ಕಾರ ಒಳಗೆ ತನ್ನ ಮಕ್ಕಳ ಮೇಲೆ ಗುಂಡು ಹಾರಿಸುವುದು ಹೇಗೆ ಸಾಧ್ಯ? ಒಂದೇ ವಿಭಾಗದಲ್ಲಿ ಕುಳಿತವನಿಗೆ ಈ ಪ್ರಶ್ನೆ ಏಳುವುದೇ ಕಷ್ಟ. ಎರಡು ಕಟ್ಟಡಗಳ ನಡುವೆ ಪುಸ್ತಕ ಹೊತ್ತು ಓಡಾಡುವ ವಿದ್ಯಾರ್ಥಿಗೆ ಎದ್ದೇ ಏಳುತ್ತದೆ.

ಆದರೆ ಹೆಸರಿನಲ್ಲಿ ಎರಡು ವಿಷಯ ಇದ್ದಮಾತ್ರಕ್ಕೆ ಅವು ಬೆರೆಯುವುದಿಲ್ಲ. ಕಬ್ಬಿಣದ ಪುಡಿಗೆ ಗಂಧಕದ ಪುಡಿ ಸೇರಿಸಿದರೆ ಅದು ಬರೀ ಮಿಶ್ರಣ. ಅಯಸ್ಕಾಂತ ಹಿಡಿದರೆ ಕಬ್ಬಿಣ ಎದ್ದು ಬರುತ್ತದೆ. ಕಾಯಿಸಿದರೆ ಮಾತ್ರ ಸಂಯುಕ್ತ. ಬಹಳಷ್ಟು ಜೋಡಿ ಪದವಿಗಳು ಮಿಶ್ರಣಗಳೇ. ಸೋಮವಾರ ಈ ವಿಭಾಗ, ಮಂಗಳವಾರ ಆ ವಿಭಾಗ, ಒಬ್ಬ ಅಧ್ಯಾಪಕರಿಗೆ ಇನ್ನೊಬ್ಬರ ಪಾಠ ಗೊತ್ತಿರುವುದಿಲ್ಲ. ಕಾಯಿಸುವ ಕೆಲಸ ವಿದ್ಯಾರ್ಥಿಯದೇ. ಕೊನೆಯ ವರ್ಷದ ಪ್ರಬಂಧಕ್ಕೆ ಸ್ಪ್ಯಾನಿಷ್ ಮೂಲಗಳನ್ನು ಓದಲೇಬೇಕಾದ ರಾಜಕೀಯ ವಿಷಯವನ್ನು ಆರಿಸಿಕೊಂಡವನು ಕಾಯಿಸಿದ ಹಾಗೆ.

ವ್ಯಾಸಂಗ ಕ್ರಮದ ಬಗ್ಗೆ ನಾಲ್ಕು ಮಾತು. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಭಾಷೆ ಸೇರಿದ ಇಂಥ ಪದವಿ ಸಾಮಾನ್ಯವಾಗಿ ನಾಲ್ಕು ವರ್ಷ. ಮೂರನೆಯ ವರ್ಷ ಪೂರ್ತಿ ಆ ಭಾಷೆಯ ದೇಶದಲ್ಲಿ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಓದಬಹುದು, ಶಾಲೆಯಲ್ಲಿ ಇಂಗ್ಲಿಷ್ ಕಲಿಸಲು ನೆರವಾಗಬಹುದು, ಇಲ್ಲವೆ ಕಚೇರಿಯೊಂದರಲ್ಲಿ ಕೆಲಸ ಮಾಡಬಹುದು. ಸ್ಕಾಟ್ಲೆಂಡಿನಲ್ಲಿ ಆನರ್ಸ್ ಪದವಿಯೇ ನಾಲ್ಕು ವರ್ಷ, ವಿದೇಶದ ವರ್ಷ ಸೇರಿದರೆ ಐದು. ಅಲ್ಲಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಈ ಜೋಡಿಯಿದೆ. ಆದರೆ ಕೊಡುವ ಪದವಿಯ ಹೆಸರು ಎಂ.ಎ. ಮಗ ನೇರವಾಗಿ ಎಂ.ಎ.ಗೆ ಸೇರಿದನೆಂದು ಹಿಗ್ಗುವ ಮೊದಲು ತಂದೆತಾಯಿಗಳು ತಿಳಿಯಬೇಕಾದ್ದು, ಆ ಪ್ರಾಚೀನ ವಿಶ್ವವಿದ್ಯಾಲಯಗಳಲ್ಲಿ ಮೊದಲ ಪದವಿಗೇ ಆ ಹೆಸರು. ಸ್ಪ್ಯಾನಿಷಿನ ಒಂದಕ್ಷರ ಬಾರದವರನ್ನೂ ಹಲವೆಡೆ ಸೇರಿಸಿಕೊಳ್ಳುತ್ತಾರೆ. ಅಂಥವರಿಗೆ ಮೊದಲ ವರ್ಷ ಬಿಡುವಿಲ್ಲದ ದುಡಿಮೆ.

ಸ್ಪ್ಯಾನಿಷ್ ಎಂದರೆ ಸಂಭಾಷಣೆಯ ತರಗತಿಯಷ್ಟೇ ಎಂದುಕೊಂಡವರು ಬೆಚ್ಚುತ್ತಾರೆ. ಕಾದಂಬರಿ, ನಾಟಕ, ಸಿನಿಮಾ, ಹಳೆಯ ಗ್ರಂಥ ಎಲ್ಲವೂ ಇರುತ್ತವೆ. ಆಗಲಿ, ಅದರಲ್ಲೂ ಅರ್ಥವಿದೆ. 1218ರಲ್ಲಿ ಸ್ಥಾಪನೆಯಾದ ಸಾಲಮಾಂಕಾ ವಿಶ್ವವಿದ್ಯಾಲಯದಲ್ಲಿ ಫ್ರಾನ್ಸಿಸ್ಕೊ ದೆ ವಿತೋರಿಯಾ ಎಂಬ ಸನ್ಯಾಸಿ 1539ರಲ್ಲಿ 'ಇಂಡಿಯನ್ನರ ಕುರಿತು' ಲ್ಯಾಟಿನ್ನಿನಲ್ಲಿ ಉಪನ್ಯಾಸ ಕೊಟ್ಟ. ಇಂಡಿಯನ್ನರೆಂದರೆ ನಾವಲ್ಲ, ಕೊಲಂಬಸನ ತಪ್ಪಿನಿಂದ ಆ ಹೆಸರು ಹೊತ್ತ ಅಮೆರಿಕದ ಮೂಲನಿವಾಸಿಗಳು. ಸ್ಪ್ಯಾನಿಷರು ಬರುವ ಮೊದಲು ಆ ನೆಲಕ್ಕೆ ಅವರೇ ನಿಜವಾದ ಒಡೆಯರಾಗಿದ್ದರೆಂದು ಆತ ಹೇಳಿದ. ಮುಂದಿನ ಉಸಿರಿನಲ್ಲೇ, ಸಂಚಾರ–ವ್ಯಾಪಾರಗಳಿಗೆ ಅಡ್ಡಿಬಂದರೆ ಯುದ್ಧ ನ್ಯಾಯವಾದೀತೆಂದು ಬಾಗಿಲನ್ನೂ ತೆರೆದಿಟ್ಟ. ಅಂತರರಾಷ್ಟ್ರೀಯ ಕಾನೂನಿನ ಮೂಲಪುರುಷರಲ್ಲಿ ಅವನನ್ನು ಎಣಿಸುತ್ತಾರೆ.

ಕನ್ನಡದ ಮಕ್ಕಳಿಗೆ ಈ ಭಾಷೆಯ ಉಚ್ಚಾರ ಕಷ್ಟವಲ್ಲ. ಸ್ವರಗಳು ಐದೇ, ಬರೆದಂತೆ ಓದಬಹುದು, ತ–ದಗಳು ನಮ್ಮವೇ, 'ನಿನ್ಯೊ'ದ ನಡುವಿನ ಧ್ವನಿ ನಮ್ಮ 'ಞ'. ರಕಾರ ಎರಡಿವೆ: ಮೆತ್ತಗೆ 'ಪೆರೊ' ಎಂದರೆ 'ಆದರೆ', ಒತ್ತಿ 'ಪೆರ್ರೊ' ಎಂದರೆ ನಾಯಿ. ಕಷ್ಟ ಬರುವುದು ಲಿಂಗದಲ್ಲಿ. ನಮ್ಮಲ್ಲಿ ಮೇಜು, ಪುಸ್ತಕ ಎಲ್ಲ 'ಅದು'. ಅಲ್ಲಿ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ, ಕಾರಣ ಕೇಳುವಂತಿಲ್ಲ.

ಇನ್ನು ಮೊದಲ ಪ್ರಶ್ನೆ: ಓದಿ ಏನಾಗುತ್ತಾರೆ? ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ ಸ್ಪ್ಯಾನಿಷ್ ಒಂದು. 1945ರ 51 ಸ್ಥಾಪಕ ಸದಸ್ಯರಲ್ಲಿ 18 ದೇಶಗಳ ಭಾಷೆ ಅದಾಗಿತ್ತು. ಹಾಗೆಂದು ಅಲ್ಲಿ ದುಭಾಷಿಯಾಗುವ ಕನಸನ್ನು ಕಣ್ಣುಮುಚ್ಚಿ ಕಾಣಬೇಡಿ. ಅಲ್ಲಿ ಅನುವಾದಕರು ತಮ್ಮ ಮುಖ್ಯ ಭಾಷೆಗೆ ಅನುವಾದಿಸುತ್ತಾರೆ, ಆ ಮುಖ್ಯ ಭಾಷೆ ಆರರಲ್ಲೊಂದಾಗಿರಬೇಕು. ಕನ್ನಡ ಅದರಲ್ಲಿಲ್ಲ, ಆದ್ದರಿಂದ ನಮ್ಮವರು ಇಂಗ್ಲಿಷಿನಲ್ಲಿ ಹುಟ್ಟಿ ಬೆಳೆದವರೊಡನೆ ಸ್ಪರ್ಧಿಸಬೇಕಾಗುತ್ತದೆ. ಭಾರತೀಯ ವಿದೇಶಾಂಗ ಸೇವೆಗೆ ಯು.ಪಿ.ಎಸ್‌.ಸಿ. ಪರೀಕ್ಷೆಯೇ ದಾರಿ, ಯಾವ ಪದವಿಯಾದರೂ ನಡೆಯುತ್ತದೆ. ಸೇರಿದ ಮೇಲೆ ಪ್ರತಿಯೊಬ್ಬರೂ ಒಂದು ವಿದೇಶಿ ಭಾಷೆ ಕಲಿಯಲೇಬೇಕು, ಸ್ಪ್ಯಾನಿಷ್ ಆ ಪಟ್ಟಿಯಲ್ಲಿದೆ. ಮೊದಲೇ ಕಲಿತವರಿಗೆ ಅದೇ ಸಿಗುತ್ತದೆಂಬ ಖಾತ್ರಿ ಇಲ್ಲ.

ನಿಜವಾದ ಬೇಡಿಕೆ ಬೇರೆಡೆ ಬೆಳೆಯುತ್ತಿದೆ. ಇನ್ಫೋಸಿಸ್ 2007ರಲ್ಲೇ ಮೆಕ್ಸಿಕೊದ ಮಾಂಟೆರೆಯಲ್ಲಿ ಕಚೇರಿ ತೆರೆಯಿತು. 2024ರ ಜನವರಿಯಲ್ಲಿ ಭಾರತ ಸರ್ಕಾರಿ ಕಂಪನಿಯಾದ ಖನಿಜ್ ಬಿದೇಶ್ ಇಂಡಿಯಾ, ಅರ್ಜೆಂಟೀನಾದ ಕಾತಾಮಾರ್ಕಾ ಪ್ರಾಂತದ ಕಂಪನಿಯೊಡನೆ ಐದು ಲಿಥಿಯಂ ನಿಕ್ಷೇಪಗಳ ಶೋಧಕ್ಕೆ ಸಹಿ ಹಾಕಿತು. ಮೊಬೈಲು, ವಿದ್ಯುತ್ ಸ್ಕೂಟರುಗಳ ಬ್ಯಾಟರಿಗೆ ಬೇಕಾದ ಹಗುರ ಲೋಹ ಅದು. ಗಮನಿಸಿ, ಪ್ರಾಂತದ ಕಂಪನಿ. ಆ ದೇಶದ ಸಂವಿಧಾನದಂತೆ ನೆಲದಡಿಯ ಸಂಪತ್ತು ಪ್ರಾಂತಗಳದ್ದು, ಬ್ಯೂನಸ್ ಐರಿಸ್‌ನದಲ್ಲ. ಉಪ್ಪುಬಯಲಿನ ಪಕ್ಕದ ಹಳ್ಳಿಯವರು ನೀರಿನ ಬಗ್ಗೆ ಕೊಡುವ ತಕರಾರು ಅರ್ಜಿಯೂ ಸ್ಪ್ಯಾನಿಷಿನಲ್ಲೇ ಇರುತ್ತದೆ. ಅದನ್ನು ಓದಿ, ಅದರ ಹಿಂದಿನ ಕಾನೂನು ರಾಜಕೀಯ ಎರಡನ್ನೂ ತಿಳಿಸಬಲ್ಲವರು ನಮ್ಮಲ್ಲಿ ಹೆಚ್ಚು ಮಂದಿ ಇಲ್ಲ.

ಬ್ರಿಟನ್ನಿನಲ್ಲಿ ಹೊರದೇಶದವರ ಶುಲ್ಕ ಸ್ಥಳೀಯರಿಗಿಂತ ಬಹಳ ಹೆಚ್ಚು. ಮನೆ ಅಡವಿಟ್ಟು ಹೋಗಬೇಕಾದ ಕಲಿಕೆ ಇದಲ್ಲ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಸ್ಪ್ಯಾನಿಷ್ ಬಿ.ಎ. ಆನರ್ಸ್ ಇದೆ, ಮೊದಲಿನಿಂದ ಕಲಿಸುತ್ತಾರೆ. ದೆಹಲಿ ವಿಶ್ವವಿದ್ಯಾಲಯದಲ್ಲೂ ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದಲ್ಲೂ ಇದೆ. ಆ ಬಳಿಕ 1955ರಲ್ಲಿ ಸ್ಥಾಪನೆಯಾಗಿ ಮುಂದೆ ನೆಹರೂ ವಿಶ್ವವಿದ್ಯಾಲಯದಲ್ಲಿ ಸೇರಿಹೋದ ಅಂತರರಾಷ್ಟ್ರೀಯ ಅಧ್ಯಯನ ಶಾಲೆಯಲ್ಲಿ ಎಂ.ಎ. ಮಾಡಬಹುದು. ಅಕ್ಕಪಕ್ಕದಲ್ಲಿ ಅಲ್ಲ, ಒಂದರ ಹಿಂದೊಂದು. ಖರ್ಚು ಮಾತ್ರ ಹೋಲಿಸಲಾಗದಷ್ಟು ಕಡಿಮೆ. ಊರಿನ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಓದುತ್ತಲೇ ಸ್ಪ್ಯಾನಿಷ್ ಕಲಿತು, ಸ್ಪೇನ್ ಸರ್ಕಾರದ ಪರವಾಗಿ ಸೆರ್ವಾಂತೆಸ್ ಸಂಸ್ಥೆ ನಡೆಸುವ 'ಡೆಲೆ' ಪರೀಕ್ಷೆ ಕಟ್ಟುವುದೂ ಒಂದು ದಾರಿ. ಅದರಲ್ಲಿ ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲು. ಮೊದಲೆರಡು ಹತ್ತಿದವರಿಗೆ ಹೋಟೆಲಿನಲ್ಲಿ ಊಟ ಕೇಳಲು ಬರುತ್ತದೆ. ಒಪ್ಪಂದ ಓದಲು ನಾಲ್ಕನೆಯದನ್ನಾದರೂ ದಾಟಿರಬೇಕು.

ಹೊರಗೆ ಹೋಗುವುದೇ ನಿಶ್ಚಯವಾದರೆ ಅರ್ಜಿ ತುಂಬುವ ಮುನ್ನ ಕೇಳಬೇಕಾದ್ದಿದೆ. ವಿದೇಶದ ವರ್ಷ ಕಡ್ಡಾಯವೇ, ಆ ವರ್ಷದ ಶುಲ್ಕವೆಷ್ಟು, ಭಾರತದ ಪಾಸ್‌ಪೋರ್ಟಿನವರಿಗೆ ಆ ದೇಶದ ವೀಸಾಕ್ಕೆ ವಿಶ್ವವಿದ್ಯಾಲಯ ನೆರವಾಗುತ್ತದೆಯೇ, ಸ್ಪೇನ್ ಮಾತ್ರವೋ ಲ್ಯಾಟಿನ್ ಅಮೆರಿಕಕ್ಕೂ ಹೋಗಬಹುದೋ. ಬ್ಯೂನಸ್ ಐರಿಸ್‌ಗೆ ಹೋದವರು ಒಂದು ವಿಚಿತ್ರಕ್ಕೆ ಸಿದ್ಧರಿರಲಿ. ಅಷ್ಟು ಕಷ್ಟಪಟ್ಟು ಕಲಿತ 'ತು' ಅಲ್ಲಿ ಯಾರ ಬಾಯಲ್ಲೂ ಇಲ್ಲ, ಅದರ ಬದಲು 'ವೋಸ್' ಎನ್ನುತ್ತಾರೆ. ಡೆಲೆ ಪರೀಕ್ಷೆಯಲ್ಲಿ ಎರಡಕ್ಕೂ ಅಂಕ ಕೊಡುತ್ತಾರೆ.